ಗಾಡಿ ತಾನೇ ಬ್ರೇಕ್ ಹಾಕಿತು, ಇಲ್ಲವೇ ಹಾಕಲೇ ಇಲ್ಲ: ಅಡಾಸ್ ದೋಷ ಹುಡುಕುವ ಬಗೆ

ಪುಣೆಯಲ್ಲಿರುವ ನಮ್ಮ ಕಡೆಯವರ ಹತ್ತಿರ ಈಗ ಅಡಾಸ್ ಇರುವ ಗಾಡಿಗಳು ಸಾಕಷ್ಟಿವೆ. ಅಡಾಸ್ ಅಂದರೆ ರಸ್ತೆಯನ್ನು ತಾನೂ ನೋಡುತ್ತ ಚಾಲಕನಿಗೆ ನೆರವಾಗುವ, ಬೇಕಾದಾಗ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಹಬ್ಬಕ್ಕೆ, ಮದುವೆಗೆ ಅಂತ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆ ಹೋಗಿಬಂದ ಮೇಲೆ ದೂರು ಶುರುವಾಗುತ್ತದೆ. ಕೇಳುತ್ತ ಹೋದರೆ ಇರುವುದು ಮೂರೇ ಬಗೆ. ಮೀಟರ್‌ನಲ್ಲಿ ಹಳದಿ ಲೈಟ್ ಬಂದು ಅಡಾಸ್ ಬಂದ್ ಆಯಿತು. ಮುಂದೆ ಏನೂ ಇಲ್ಲದಿದ್ದರೂ ಗಾಡಿ ತಾನೇ ಬ್ರೇಕ್ ಹಾಕಿತು. ಇಲ್ಲವೇ ಹಾಕಬೇಕಾದ ಕಡೆ ಹಾಕಲೇ ಇಲ್ಲ.

ಈ ಮೂರನ್ನೂ ಕಲಸಿ ‘ಸೆನ್ಸರ್ ಹೋಗಿದೆ, ನೋಡಿ’ ಅಂದರೆ ಸರ್ವಿಸ್ ಸೆಂಟರ್‌ನವರು ಸೆನ್ಸರ್‌ಗೇ ಎಸ್ಟಿಮೇಟ್ ಕೊಡುತ್ತಾರೆ. ಅದು ಸಣ್ಣ ಮೊತ್ತವಲ್ಲ. ನನ್ನ ಪ್ರಕಾರ ಸೆನ್ಸರ್ ಮೇಲೆ ಅನುಮಾನ ಪಡುವುದು ಕೊನೆಯ ಹೆಜ್ಜೆ. ಅದಕ್ಕೆ ಮುಂದಿನದು ಕಾಣುತ್ತಿಲ್ಲವೇ, ಅದರ ಮುಖ ಬೇರೆ ಕಡೆ ತಿರುಗಿದೆಯೇ, ಅದಕ್ಕೆ ಬರಬೇಕಾದ ಕರೆಂಟು ಮತ್ತು ಮಾಹಿತಿ ಸರಿಯಾಗಿ ಬರುತ್ತಿದೆಯೇ? ಇವನ್ನು ಮೊದಲು ನೋಡಬೇಕು. ಅರ್ಧಕ್ಕರ್ಧ ಪರೀಕ್ಷೆ ಮನೆ ಮುಂದೆ ನಿಂತೇ ಮಾಡಬಹುದು.

ಒಳಗೆ ಯಾರ ಕೆಲಸ ಯಾವುದು

ಒಳಗನ್ನಡಿಯ ಹಿಂದೆ, ಮುಂದಿನ ಗ್ಲಾಸಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ ಇರುತ್ತದೆ. ಗ್ರಿಲ್ ಹಿಂದೆಯೋ ಬಂಪರ್‌ನ ಕೆಳಗಿನ ಭಾಗದಲ್ಲೋ ರೇಡಾರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಕ್ಯಾಮೆರಾ ಮಾತ್ರ. ಮುಂದಿರುವುದು ಕಾರೋ, ಬೈಕೋ, ಮನುಷ್ಯನೋ, ಲೇನ್ ಗೆರೆ ಎಲ್ಲಿದೆ ಅಂತ ಕ್ಯಾಮೆರಾ ಗುರುತು ಹಿಡಿಯುತ್ತದೆ. ಅದು ಎಷ್ಟು ದೂರ, ಎಷ್ಟು ವೇಗದಲ್ಲಿ ಹತ್ತಿರವಾಗುತ್ತಿದೆ ಅಂತ ರೇಡಾರ್ 77 ಗಿಗಾಹರ್ಟ್ಜ್ ಆಸುಪಾಸಿನ ಅಲೆ ಬಿಟ್ಟು ಅಳೆಯುತ್ತದೆ. ಹೀಗೇ ಹೋದರೆ ಇನ್ನೆಷ್ಟು ಸೆಕೆಂಡಿಗೆ ಗುದ್ದುತ್ತೇವೆ ಎಂಬ ಲೆಕ್ಕ ನಡೆಯುತ್ತಲೇ ಇರುತ್ತದೆ. ಸಮಯ ಕಡಿಮೆಯಾಗುತ್ತ ಬಂದಂತೆ ಮೊದಲು ಬೀಪ್, ಆಮೇಲೆ ಸಣ್ಣ ಬ್ರೇಕ್, ಕೊನೆಗೆ ಪೂರ್ತಿ ಬ್ರೇಕ್.

ಆದರೆ ಬ್ರೇಕನ್ನು ಒತ್ತುವುದು ಕ್ಯಾಮೆರಾ ಅಲ್ಲ, ರೇಡಾರೂ ಅಲ್ಲ. ಅದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಇಎಸ್‌ಸಿ (ಗಾಡಿ ಜಾರಿ ಅಡ್ಡ ತಿರುಗದಂತೆ ಹಿಡಿಯುವುದು) ವ್ಯವಸ್ಥೆಯ ಕೆಲಸ. ಆ ವ್ಯವಸ್ಥೆಗೆ ನಾಲ್ಕು ಚಕ್ರದ ವೇಗ ಗೊತ್ತಿರಬೇಕು, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಗೊತ್ತಿರಬೇಕು. ಹಾಗಾಗಿ ಹಿಂದಿನ ಚಕ್ರದ ಹತ್ತಿರ ಒಂದು ವೈರ್ ಕಿತ್ತರೂ ಮುಂದಿನ ತುರ್ತು ಬ್ರೇಕ್ ಬಂದ್ ಆಗುತ್ತದೆ. ‘ನಾನು ಟೈರ್ ಅಷ್ಟೇ ಬದಲಾಯಿಸಿದ್ದು, ಅಡಾಸ್ ಯಾಕೆ ಹೋಯ್ತು?’ ಅನ್ನುವವರಿಗೆ ಉತ್ತರ ಇದರಲ್ಲಿದೆ.

ಹಳದಿ ಲೈಟ್ ಬಂದರೆ

ಮೊದಲು ಲೈಟಿನ ಬಣ್ಣ ನೋಡಿ. ಕೆಂಪು ಬ್ರೇಕ್ ಲೈಟ್ ಬಂದಿದ್ದರೆ ಈ ಬರಹ ಪಕ್ಕಕ್ಕಿಡಿ. ಹ್ಯಾಂಡ್‌ಬ್ರೇಕ್ ಎಳೆದೇ ಇಲ್ಲವಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಕಡಿಮೆ ಇದ್ದರೆ ಅಥವಾ ಪೆಡಲ್ ಮೆತ್ತಗಾಗಿದ್ದರೆ ಗಾಡಿ ಓಡಿಸಬೇಡಿ. ಹಳದಿ ಲೈಟ್ ಆದರೆ ನಿಮ್ಮ ಕಾಲಿನ ಬ್ರೇಕ್ ಸಾಮಾನ್ಯವಾಗಿ ಎಂದಿನಂತೆ ಇರುತ್ತದೆ, ಸಹಾಯಕ್ಕಿದ್ದದ್ದು ಮಾತ್ರ ರಜೆ ಹಾಕಿದೆ ಅಂತ ಅರ್ಥ. ಹಳದಿಯಲ್ಲಿ ಎಬಿಎಸ್ ಲೈಟೂ ಇದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಬಹುದು. ಮಳೆಯಲ್ಲಂತೂ ನಿಧಾನ.

ಮುಂದಿನ ಪ್ರಶ್ನೆ: ಲೈಟ್ ಒಂದೇ ಬಂತೋ, ಗುಂಪಾಗಿ ಬಂತೋ?

ಅಡಾಸ್ ಲೈಟ್ ಒಂದೇ ಬಂದು, ಸ್ವಲ್ಪ ಹೊತ್ತಿಗೆ ತಾನೇ ಹೋದರೆ ಅದು ಹೆಚ್ಚಾಗಿ ಕಣ್ಣಿನ ಸಮಸ್ಯೆ. ಜುಲೈ ತಿಂಗಳಲ್ಲಿ ಖಂಡಾಲಾ ಘಾಟ್‌ನ ಮಂಜಿನಲ್ಲಿ ಇದು ದಿನಾ ಆಗುವ ಸಂಗತಿ. ನಿಮಗೇ ಮುಂದಿನ ಟ್ರಕ್ಕಿನ ಹಿಂಬದಿ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಎಲ್ಲಿಂದ ಕಾಣಬೇಕು? ಮಂಜು ಕಳೆದ ಮೇಲೆ ಲೈಟ್ ಹೋದರೆ ಅದು ದೋಷವೇ ಅಲ್ಲ. ಸಂಜೆ ಮುಂಬೈ ಕಡೆ ಹೋಗುವಾಗ ಸೂರ್ಯ ನೇರ ಎದುರಿಗೆ ಬಂದಾಗಲೂ ಹೀಗೆ ಆಗಬಹುದು.

ಬಿಸಿಲು, ಮಂಜು, ಮಳೆ ಯಾವುದೂ ಇಲ್ಲದೆ ಬಂದರೆ ಗಾಡಿ ನಿಲ್ಲಿಸಿ ಹೊರಗಿನಿಂದ ನೋಡಿ. ಒಳಗನ್ನಡಿಯ ಹಿಂದೆ ಗ್ಲಾಸಿನಲ್ಲಿ ಕಪ್ಪು ಅಂಚಿನ ನಡುವೆ ಒಂದು ಸಣ್ಣ ಕಿಟಕಿಯಂಥ ಜಾಗ ಬಿಟ್ಟಿರುತ್ತಾರೆ. ಕ್ಯಾಮೆರಾ ನೋಡುವುದು ಅಲ್ಲಿಂದಲೇ. ಆ ಜಾಗದ ಮೇಲೆ ಏನಿದೆ? ನಾನು ಕಂಡದ್ದು: ಫಾಸ್ಟ್ಯಾಗ್. ಅದನ್ನು ಗ್ಲಾಸಿನ ಮೇಲ್ಭಾಗದಲ್ಲಿ ನಡುವೆ ಅಂಟಿಸುವುದು ರೂಢಿ. ಅಂಟಿಸುವ ಹುಡುಗ ಅವಸರದಲ್ಲಿ ಅದರ ಒಂದು ಮೂಲೆಯನ್ನು ಈ ಕಿಟಕಿಯೊಳಕ್ಕೆ ತಂದಿರುತ್ತಾನೆ. ಬೆರಳಿನ ಅಗಲದಷ್ಟು ಒಳಗೆ ಬಂದರೂ ಸಾಕು, ಕ್ಯಾಮೆರಾಕ್ಕೆ ಒಂದು ಬದಿ ಸದಾ ಕತ್ತಲು. ಹಾಗಂತ ಕಿತ್ತು ಪಕ್ಕಕ್ಕೆ ಅಂಟಿಸಲು ಹೋಗಬೇಡಿ. ಫಾಸ್ಟ್ಯಾಗ್ ಕಿತ್ತರೆ ಹಾಳಾಗುವಂತೆಯೇ ಮಾಡಿರುತ್ತಾರೆ. ಹೊಸದನ್ನೇ ತರಿಸಿ, ಜಾಗ ನೋಡಿ ಹಾಕಿಸಿ.

ಆಮೇಲೆ ವೈಪರ್. ನೀರು ಚಿಮ್ಮಿಸಿ ವೈಪರ್ ಆಡಿಸಿ, ಹೊರಗೆ ಒಬ್ಬರನ್ನು ನಿಲ್ಲಿಸಿ ಆ ಕಿಟಕಿಯನ್ನೇ ನೋಡಲು ಹೇಳಿ. ರಬ್ಬರ್ ಸವೆದಿದ್ದರೆ ಸರಿಯಾಗಿ ಅಲ್ಲಿಯೇ ನೀರಿನ ಗೆರೆ ಉಳಿಯುತ್ತದೆ. ಡ್ರೈವರ್ ಸೀಟಿನಿಂದ ಅದು ಕಾಣುವುದಿಲ್ಲ, ಏಕೆಂದರೆ ನಡುವೆ ಕನ್ನಡಿ ಅಡ್ಡ ಇದೆ. ಗ್ಲಾಸಿನ ಒಳಬದಿ ಮಂಜು ಕಟ್ಟಿದ್ದರೆ ಮುಂದಿನ ಡಿಫಾಗರ್ ಹಾಕಿ ಸ್ವಲ್ಪ ಹೊತ್ತು ಬಿಡಿ. ಕ್ಯಾಮೆರಾದ ಕವರ್ ಬಿಚ್ಚಿ ಬಟ್ಟೆಯಿಂದ ಒರೆಸುವ ಸಾಹಸ ಬೇಡ.

ಡ್ಯಾಶ್‌ಬೋರ್ಡ್ ಮೇಲೆ ಗಣಪತಿ, ಎಲ್ಲಮ್ಮ, ಸಿದ್ಧಾರೂಢರು ಯಾರೇ ಇರಲಿ, ನನ್ನ ತಕರಾರಿಲ್ಲ. ಆದರೆ ಬೆಳ್ಳಿ ಬಣ್ಣದ ಮೂರ್ತಿ ಅಥವಾ ಬಿಳಿ ಟವೆಲ್ ಬಿಸಿಲಿನಲ್ಲಿ ಗ್ಲಾಸಿನ ಮೇಲೆ ಪ್ರತಿಬಿಂಬ ಬೀಳಿಸುತ್ತದೆ. ಬಿಸಿಲಿದ್ದಾಗ ಮಾತ್ರ ಲೈಟ್ ಬಂದು ಮೋಡವಿದ್ದಾಗ ಬಾರದಿದ್ದರೆ ಮೂರ್ತಿಯನ್ನು ಒಂದು ದಿನ ಗ್ಲೋವ್ ಬಾಕ್ಸಿನಲ್ಲಿಟ್ಟು ಓಡಿಸಿ ನೋಡಿ.

ಮೀಟರ್‌ನಲ್ಲಿ ರೇಡಾರ್ ಮುಚ್ಚಿದೆ ಎಂಬ ಅರ್ಥದ ಸಂದೇಶ ಬಂದರೆ ಗ್ಲಾಸ್ ಬಿಟ್ಟು ಬಂಪರ್ ಕಡೆ ಬನ್ನಿ. ಕೆಸರು ಒಂದು ಕಾರಣ. ದಸರೆ ಇನ್ನೊಂದು! ಆಯುಧ ಪೂಜೆಗೆ ಗ್ರಿಲ್ ತುಂಬ ಚೆಂಡುಹೂವಿನ ದಪ್ಪ ಹಾರ ಕಟ್ಟಿ, ಮರುದಿನ ಅದೇ ಹಾರದಲ್ಲಿ ಹೈವೇಗೆ ಹೋದರೆ ರೇಡಾರ್ ನೋಡುವುದು ಹಸಿ ಹೂವಿನ ಗೋಡೆಯನ್ನು. ನೀರಿನಂಶ ಇರುವ ಯಾವುದೇ ದಪ್ಪ ವಸ್ತು ಈ ಅಲೆಗಳನ್ನು ನುಂಗುತ್ತದೆ. ಪೂಜೆ ಆದ ಮೇಲೆ ಹಾರ ತೆಗೆದು, ರೇಡಾರ್ ಮುಂದಿನ ಪ್ಲಾಸ್ಟಿಕ್ ಮೇಲೆ ಹಚ್ಚಿದ ಅರಿಶಿನ ಕುಂಕುಮ ಒರೆಸಿ. ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸಿದ್ದರೆ ತೆಗೆಸಿ. ಅವು ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಡಾಸ್ ಗಾಡಿಗೆ ಅದು ಕಣ್ಣ ಮುಂದೆ ನಿಲ್ಲಿಸಿದ ಕಂಬ.

ಕಣ್ಣಿಗೆ ಕಾಣದ ಇನ್ನೊಂದಿದೆ, ಬಂಪರ್ ರಿಪೇರಿ. ಸಣ್ಣದಾಗಿ ತಾಗಿದ ಬಂಪರ್‌ಗೆ ಡೆಂಟಿಂಗ್ ಅಂಗಡಿಯವರು ಪುಟ್ಟಿ ಮೆತ್ತಿ, ಉಜ್ಜಿ, ಮೆಟಾಲಿಕ್ ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುತ್ತಾರೆ. ನೋಡಲು ಚೆಂದ. ಆ ಪುಟ್ಟಿ ರೇಡಾರ್ ಎದುರಿನ ಭಾಗದಲ್ಲಿದ್ದರೆ ಅಲೆ ದುರ್ಬಲವಾಗುತ್ತದೆ ಅಥವಾ ಬಾಗುತ್ತದೆ. ಆ ಭಾಗಕ್ಕೆ ಪುಟ್ಟಿ ಬೇಡ, ಬಂಪರ್ ಬದಲಿಸಿ ಅನ್ನುವುದೇ ಸರಿ.

ಲೈಟುಗಳು ಗುಂಪಾಗಿ ಬಂದರೆ

ಎಬಿಎಸ್, ಇಎಸ್‌ಸಿ, ಸ್ಟೀರಿಂಗ್, ಅಡಾಸ್ ಎಲ್ಲವೂ ಒಟ್ಟಿಗೆ ಬಂದರೆ ಜನ ಗಾಬರಿಯಾಗುತ್ತಾರೆ. ನನಗೆ ಆಗ ಸಮಾಧಾನ. ನಾಲ್ಕು ಭಾಗ ಒಂದೇ ಬೆಳಗ್ಗೆ ಕೆಡುವುದಿಲ್ಲ, ಎಲ್ಲಕ್ಕೂ ಸೇರಿ ಒಂದೇ ಕಾರಣ ಇರುತ್ತದೆ. ಮೊದಲ ಅನುಮಾನ 12 ವೋಲ್ಟ್ ಬ್ಯಾಟರಿ. ಎಲೆಕ್ಟ್ರಿಕ್ ಗಾಡಿಯಲ್ಲೂ ಈ ಚಿಕ್ಕ ಬ್ಯಾಟರಿ ಇರುತ್ತದೆ, ಮರೆಯಬೇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಹತ್ತಿರ ಬರಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಅರ್ಧಕ್ಕೆ ಇಳಿದಿದೆ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಇನ್ನೂ ಕುಸಿದು ಒಳಗಿನ ಕಂಪ್ಯೂಟರ್‌ಗಳು ದೋಷ ಬರೆದುಕೊಳ್ಳುತ್ತವೆ. ರಜೆಗೆ ಊರಿಗೆ ಹೋದಾಗ ಸೊಸೈಟಿ ಪಾರ್ಕಿಂಗ್‌ನಲ್ಲಿ ವಾರಗಟ್ಟಲೆ ನಿಂತ ಗಾಡಿಗಳಿಗೆ ಇದು ಜಾಸ್ತಿ.

ಬ್ಯಾಟರಿ ಬದಲಿಸಿದ ಮೇಲೇ ಲೈಟ್ ಬಂದಿದ್ದರೆ ಸ್ಟೀರಿಂಗ್ ಕೋನದ ಸೆನ್ಸರ್ ತನ್ನ ನೆನಪು ಕಳೆದುಕೊಂಡಿರಬಹುದು. ಬಹಳ ಗಾಡಿಗಳಲ್ಲಿ ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದರೆ ಸರಿಹೋಗುತ್ತದೆ.

ಬ್ಯಾಟರಿ ಸರಿಯಿದ್ದು ಎಬಿಎಸ್ ಲೈಟ್ ಬಿಡದೆ ನಿಂತಿದ್ದರೆ ಚಕ್ರಗಳ ಹತ್ತಿರ ಹೋಗಿ. ಗುಂಡಿಗೆ ಬಿದ್ದಿತ್ತೇ? ಇತ್ತೀಚೆಗೆ ಟೈರ್, ಬೇರಿಂಗ್, ಬ್ರೇಕ್ ಪ್ಯಾಡ್ ಬದಲಿಸಿದ್ದರೇ? ಚಕ್ರದ ವೇಗ ಅಳೆಯುವ ಸೆನ್ಸರಿನ ವೈರ್ ಎಳೆದುಕೊಂಡಿರಬಹುದು ಅಥವಾ ಕ್ಲಿಪ್ ಬಿಟ್ಟಿರಬಹುದು. ನಾಲ್ಕು ಟೈರುಗಳ ಅಳತೆ ಒಂದೇ ಇದೆಯಾ ಅಂತಲೂ ನೋಡಿ.

ಸುಮ್ನೆ ಬ್ರೇಕ್ ಹಾಕಿದರೆ

ಇದು ಅಪಾಯದ ದೂರು, ಏಕೆಂದರೆ ಹಿಂದಿನ ಗಾಡಿ ಬಂದು ಗುದ್ದಬಹುದು. ಇಲ್ಲಿ ಕೇಳಬೇಕಾದದ್ದು ಒಂದೇ. ಒಂದೇ ಜಾಗದಲ್ಲಿ ಆಗುತ್ತದೆಯೋ, ಎಲ್ಲ ಕಡೆಯೋ?

ಒಂದೇ ಜಾಗದಲ್ಲಾದರೆ ರಸ್ತೆಯನ್ನು ನೋಡಿ. ಮೆಟ್ರೋ ಕೆಲಸಕ್ಕೆ ರಸ್ತೆ ಮೇಲೆ ಹಾಸಿದ ಕಬ್ಬಿಣದ ಪ್ಲೇಟು, ಪಕ್ಕದಲ್ಲಿ ನಿಲ್ಲಿಸಿದ ತಗಡಿನ ಬ್ಯಾರಿಕೇಡು, ಘಾಟ್ ತಿರುವಿನ ಲೋಹದ ರೇಲಿಂಗು, ಇವೆಲ್ಲ ರೇಡಾರ್‌ಗೆ ಜೋರಾಗಿ ಕೂಗಿದಂತೆ ಕೇಳುತ್ತವೆ. ತಿರುವಿನಲ್ಲಿ ಒಂದು ಕ್ಷಣ ಗಾಡಿಯ ಮೂತಿ ನೇರ ರೇಲಿಂಗಿಗೇ ಮುಖ ಮಾಡಿರುತ್ತದೆ. ಮಾಲ್‌ನ ನೆಲಮಾಳಿಗೆಗೆ ಇಳಿಯುವ ಕಡಿದಾದ ಇಳಿಜಾರಿನಲ್ಲಿ ಎದುರಿನ ಗೋಡೆಯೂ ಹಾಗೆಯೇ. ಇದಕ್ಕೆ ರಿಪೇರಿ ಇಲ್ಲ. ಎಚ್ಚರಿಕೆಯ ಸಂವೇದನೆಯನ್ನು ಮೆನುವಿನಲ್ಲಿ ತಡವಾಗಿ ಬರುವಂತೆ ಇಟ್ಟರೆ ಬೀಪ್ ಕಡಿಮೆಯಾದೀತು.

ಎಲ್ಲ ಕಡೆ ಆಗುತ್ತಿದ್ದರೆ, ಅದರಲ್ಲೂ ಪಕ್ಕದ ಲೇನಿನ ಗಾಡಿಗೆ ಬ್ರೇಕ್ ಹಾಕುತ್ತಿದ್ದರೆ, ಸೆನ್ಸರ್‌ನ ಮುಖ ತಿರುಗಿದೆ. ಚಿಂಚವಾಡದ ನಮ್ಮ ಕಾಕಾನ ಗಾಡಿ ಇದಕ್ಕೆ ಒಳ್ಳೆ ಉದಾಹರಣೆ. ಕೊಲ್ಹಾಪುರದ ದಾರಿಯಲ್ಲಿ ಎಡಲೇನಿನ ಟ್ರಕ್ ದಾಟುವಾಗೆಲ್ಲ ಗಾಡಿ ಹೆದರಿ ನಿಲ್ಲುತ್ತಿತ್ತು.

‘ಕಾಕಾ, ಮುಂದಿನ ಗ್ಲಾಸ್ ಏನಾರ ಬದಲಿ ಮಾಡ್ಸೀರೇನು?’

‘ಹೂಂಪಾ, ಸಾತಾರಾದ ಹಂತ್ಯಾಕ ಕಲ್ಲ ಬಡದು ಸೀಳಿತ್ತು. ಅದಕ್ಕೂ ಬ್ರೇಕಿಗೂ ಏನ್ ಸಂಬಂಧ?’

‘ಕ್ಯಾಮೆರಾ ಬಿಚ್ಚಿ ಮತ್ತ ಹಚ್ಯಾರಲ್ರೀ. ಕ್ಯಾಲಿಬ್ರೇಷನ್ ಮಾಡಿದ್ದಕ್ಕ ಕಾಗದ ಕೊಟ್ರೇನು?’

‘ಎಂಥಾ ಕಾಗದ? ಗ್ಲಾಸ್ ಹಾಕಿದಾ, ರೊಕ್ಕಾ ತಗೊಂಡಾ, ಮುಗೀತು.’

ಮುಗಿದಿರಲಿಲ್ಲ. ಬಿಚ್ಚಿ ಹಾಕಿದ ಸೆನ್ಸರ್ ಮತ್ತೆ ಸರಿಯಾದ ದಿಕ್ಕಿಗೇ ನೋಡುವಂತೆ ಹೊಂದಿಸುವುದೇ ಕ್ಯಾಲಿಬ್ರೇಷನ್, ಅದು ಆಗಿರಲಿಲ್ಲ. ಗಾಡಿಯಲ್ಲಿ ಕೂತು ನೋಡಿದರೆ ಇನ್ನೊಂದು ಗುರುತೂ ಇತ್ತು: ನೇರ ರಸ್ತೆಯಲ್ಲಿ ಲೇನ್ ಸಹಾಯ (ಗಾಡಿಯನ್ನು ಲೇನ್ ಗೆರೆಗಳ ನಡುವೆ ಇಡುವ ಸೌಲಭ್ಯ) ಚಾಲೂ ಇಟ್ಟಾಗ ಗಾಡಿ ನಡುವೆ ಇರದೆ ಎಡಗೆರೆಯ ಕಡೆಗೇ ಅಂಟಿಕೊಂಡು ಹೋಗುತ್ತಿತ್ತು. ಲೇನ್ ಸಹಾಯವೂ ತುರ್ತು ಬ್ರೇಕೂ ಒಟ್ಟಿಗೆ ತಪ್ಪಿದರೆ ಕ್ಯಾಮೆರಾದ ಮೇಲೆ ಅನುಮಾನ. ಲೇನ್ ಸರಿಯಿದ್ದು, ಕ್ರೂಸ್ (ಮುಂದಿನ ಗಾಡಿಯಿಂದ ಅಂತರ ಇಟ್ಟು ತಾನೇ ವೇಗ ಹೊಂದಿಸುವ ಸೌಲಭ್ಯ) ಮಾತ್ರ ನೇರ ರಸ್ತೆಯಲ್ಲೂ ಮುಂದಿನ ಗಾಡಿಯನ್ನು ಬಿಟ್ಟು ಬಿಟ್ಟು ಹಿಡಿಯುತ್ತಿದ್ದರೆ ರೇಡಾರ್ ಮೇಲೆ. ಎರಡನ್ನೂ ನಂಬುವ ಮೊದಲು ಒಮ್ಮೆ ವ್ಹೀಲ್ ಅಲೈನ್‌ಮೆಂಟ್ ಪರೀಕ್ಷಿಸಿ. ನೇರ ಹೋಗುವಾಗ ಸ್ಟೀರಿಂಗೇ ಓರೆಯಾಗಿದ್ದರೆ ಗಾಡಿ ಎಲ್ಲಿಗೆ ಹೋಗುತ್ತಿದೆ ಎಂಬ ಲೆಕ್ಕವೇ ತಪ್ಪು.

ಎಷ್ಟು ತಿರುಗಿದರೆ ತೊಂದರೆ ಅಂತ ಕೇಳುತ್ತಾರೆ. ಒಂದು ಡಿಗ್ರಿ ಸಾಕು. ಒಂದು ಡಿಗ್ರಿ ಓರೆಯಾದರೆ 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ಪಕ್ಕಕ್ಕೆ ಹೋಗುತ್ತದೆ. ನಮ್ಮ ಹೈವೇ ಲೇನಿನ ಅಗಲ 3.5 ಮೀಟರ್. ಅಂದರೆ ಸರಿಯಾಗಿ ಅರ್ಧ ಲೇನ್! ಪಕ್ಕದ ಟ್ರಕ್ ನಿಮ್ಮ ಮುಂದೆಯೇ ಇದೆ ಅಂತ ಗಾಡಿ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಹಾಕಲೇ ಇಲ್ಲ ಅಂದರೆ

ಮೊದಲು ಇಎಸ್‌ಸಿ ಬಟನ್ ನೋಡಿ. ಬಹಳ ಗಾಡಿಗಳಲ್ಲಿ ಇಎಸ್‌ಸಿ ಆಫ್ ಮಾಡಿದರೆ ತುರ್ತು ಬ್ರೇಕೂ ಅದರ ಜೊತೆ ಹೋಗುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಒತ್ತಿ ಆಮೇಲೆ ಮರೆತಿರುತ್ತಾರೆ. ಮೆನುವಿನಲ್ಲಿ ಯಾರೋ ‘ಎಚ್ಚರಿಕೆ ಮಾತ್ರ’ ಎಂಬ ಆಯ್ಕೆಗೆ ಬದಲಿಸಿರಲೂಬಹುದು. ಬೀಪ್ ತಡೆಯಲಾರದೆ ಮಕ್ಕಳೋ ಡ್ರೈವರೋ ಮಾಡುವ ಕೆಲಸ ಇದು.

ಇವೆರಡೂ ಸರಿಯಿದ್ದರೆ ಆ ಕ್ಷಣದಲ್ಲಿ ನಿಮ್ಮ ಕಾಲು ಎಲ್ಲಿತ್ತು ಅಂತ ನೆನಪಿಸಿಕೊಳ್ಳಿ. ನೀವು ಆಕ್ಸಿಲರೇಟರ್ ಒತ್ತಿದರೆ ಅಥವಾ ಸ್ಟೀರಿಂಗನ್ನು ಜೋರಾಗಿ ತಿರುಗಿಸಿದರೆ, ಚಾಲಕ ಎಚ್ಚರವಾಗಿದ್ದಾನೆ ಅಂತ ತಿಳಿದು ಅಡಾಸ್ ಬ್ರೇಕನ್ನು ನಿಮಗೇ ಬಿಟ್ಟು ಸುಮ್ಮನಾಗುತ್ತದೆ. ಹಾಗೆಯೇ ಮಾಡಿರುವುದು, ದೋಷವಲ್ಲ.

ಇನ್ನು ಮಿತಿಗಳು. ವೇಗದ ಮಿತಿ ಪ್ರತಿ ಗಾಡಿಗೂ ಬೇರೆ, ಮನುಷ್ಯರಿಗೆ ಒಂದು, ವಾಹನಕ್ಕೆ ಇನ್ನೊಂದು. ಕೈಪಿಡಿಯಲ್ಲಿ ಬರೆದಿರುತ್ತಾರೆ. ಕ್ಯಾಮೆರಾಕ್ಕೆ ಕಲಿಸಿರುವುದು ಮುಖ್ಯವಾಗಿ ಕಾರು, ಲಾರಿ, ಬೈಕು, ಮನುಷ್ಯರ ಆಕಾರ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಸಾತಾರಾ, ಕರಾಡ ದಾಟುವಾಗ ಸಿಗುವ ಟ್ರಾಲಿ ಈ ಯಾವ ಆಕಾರಕ್ಕೂ ಹೊಂದುವುದಿಲ್ಲ. ಹಿಂದಿನ ಲೈಟ್ ಇಲ್ಲ, ರಿಫ್ಲೆಕ್ಟರ್ ಕೆಸರಿನಲ್ಲಿ ಮುಚ್ಚಿದೆ, ಎರಡೂ ಬದಿಗೆ ಕಬ್ಬು ಚಾಚಿಕೊಂಡಿದೆ. ಕ್ಯಾಮೆರಾಕ್ಕೆ ಅದು ಒಂದು ಕಪ್ಪು ಪೊದೆ. ಲಾರಿಯಿಂದ ಹೊರಚಾಚಿದ ಕಬ್ಬಿಣದ ಸರಳೂ ಅಷ್ಟೇ. ಗಾಡಿ ಲಾರಿಯ ಹಿಂಬದಿಗೆ ದೂರ ಅಳೆಯಬಹುದು, ಸರಳಿನ ತುದಿಗೆ ಅಲ್ಲ. ದನ, ನಾಯಿಗಳ ಮೇಲಂತೂ ಭರವಸೆ ಬೇಡ. ವೇಗವಾಗಿ ಹೋಗುವಾಗ ರಸ್ತೆ ನಡುವೆ ಕೆಟ್ಟು ನಿಂತ ಗಾಡಿಯೂ ಕಷ್ಟದ ವಿಷಯ. ನಿಂತ ವಸ್ತುಗಳ ಪ್ರತಿಧ್ವನಿ ರೇಡಾರ್‌ಗೆ ಎಲ್ಲ ಕಡೆಯಿಂದ ಬರುತ್ತಿರುತ್ತದೆ. ಬೋರ್ಡು, ಸೇತುವೆ, ಕಂಬ ಎಲ್ಲಕ್ಕೂ ಬ್ರೇಕ್ ಹಾಕಬಾರದು ಅಂತ ಅದು ಬಹಳಷ್ಟನ್ನು ಸೋಸಿಬಿಡುತ್ತದೆ.

ಷೋರೂಮ್‌ನಲ್ಲಿ ‘ಲೆವೆಲ್ 2’ ಅಂತ ಹೇಳಿ ಮಾರುತ್ತಾರಲ್ಲ, ಗಾಡಿ ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅಂತ ಹೇಳುವ ಆ ಎಸ್‌ಎಇ (ಎಂಜಿನಿಯರುಗಳ ಸಂಸ್ಥೆ) ಪಟ್ಟಿಯಲ್ಲಿ ತುರ್ತು ಬ್ರೇಕ್ ಒಂದನ್ನೇ ತೆಗೆದುಕೊಂಡರೆ ಅದು ಲೆವೆಲ್ 0. ಲೆವೆಲ್ 2 ಆದರೂ ರಸ್ತೆ ನೋಡುವ ಹೊಣೆ ಪೂರ್ತಿ ಚಾಲಕನದು.

ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಅಂತ ಮುಂದೆ ರಟ್ಟಿನ ಡಬ್ಬಿ ಇಟ್ಟು ಅಥವಾ ತಮ್ಮನನ್ನು ನಿಲ್ಲಿಸಿ ಪರೀಕ್ಷಿಸುವವರಿದ್ದಾರೆ. ಬೇಡವೇ ಬೇಡ. ಡಬ್ಬಿಗೆ ನಿಲ್ಲದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ತಮ್ಮನಿಗೆ ನಿಲ್ಲದಿದ್ದರೆ ಗೊತ್ತಾಗಿ ಉಪಯೋಗವಿಲ್ಲ.

ಕೋಡ್ ಮತ್ತು ಕ್ಯಾಲಿಬ್ರೇಷನ್

ಗಾಡಿಯ ಕಂಪ್ಯೂಟರ್‌ಗಳು ಬರೆದುಕೊಂಡ ದೋಷಕ್ಕೆ ಒಂದೊಂದು ಕೋಡ್ ಇರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಓಬಿಡಿ ಡಾಂಗಲ್ (ಗಾಡಿಗೆ ಸಿಕ್ಕಿಸಿ ಕೋಡ್ ಓದುವ ಸಣ್ಣ ಉಪಕರಣ) ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತದೆ. ‘ಕೋಡ್ ಏನೂ ಇಲ್ಲ’ ಅಂದರೆ ಅಡಾಸ್ ಸರಿಯಿದೆ ಅಂತಲ್ಲ. ಎಲ್ಲ ಕಂಪ್ಯೂಟರ್‌ಗಳನ್ನೂ ಓದುವ ಸ್ಕ್ಯಾನರ್ ಬೇಕು. ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್, ಸಿ ಇದ್ದರೆ ಬ್ರೇಕ್ ಮತ್ತು ಸ್ಟೀರಿಂಗ್, ಯು ಇದ್ದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಸಿ 0035 ಬಂದರೆ ಮುಂದಿನ ಎಡಚಕ್ರದ ವೇಗದ ಸೆನ್ಸರ್. ಯು 0235 ಅಂದರೆ ಮುಂದಿನ ದೂರ ಅಳೆಯುವ ಸೆನ್ಸರ್ ಜೊತೆ ಮಾತು ನಿಂತಿದೆ. ಯು 0121 ಎಬಿಎಸ್ ಜೊತೆ. ಯು ಕೋಡ್ ಕಂಡ ಕೂಡಲೇ ಭಾಗ ಬದಲಿಸಲು ಒಪ್ಪಬೇಡಿ. ಕನೆಕ್ಟರ್ ಸಡಿಲವಾಗಿದ್ದರೂ, ನೀರು ಹೋಗಿದ್ದರೂ, ಇಲಿ ವೈರ್ ಕಡಿದಿದ್ದರೂ ಅದೇ ಕೋಡ್ ಬರುತ್ತದೆ. ಮುಂಬೈ ಮಳೆಯಲ್ಲಿ ಬಂಪರ್ ಮಟ್ಟದ ನೀರಿನಲ್ಲಿ ನಡೆದ ಗಾಡಿಯಾದರೆ ರೇಡಾರ್‌ನ ಕನೆಕ್ಟರ್ ಬಿಚ್ಚಿ ಹಸಿರು ಹಿಡಿದಿದೆಯಾ ನೋಡಲು ಹೇಳಿ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ.

ಗ್ಲಾಸ್ ಬದಲಿ, ಬಂಪರ್ ಬಿಚ್ಚಿದ್ದು, ಗಾಡಿಯ ಮುಂಭಾಗಕ್ಕೆ ಆದ ಅಪಘಾತ, ಸಸ್ಪೆನ್ಷನ್ ಕೆಲಸ, ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಕ್ಯಾಲಿಬ್ರೇಷನ್ ಕೇಳಿ. ಎರಡು ಬಗೆಯಿದೆ. ಒಂದರಲ್ಲಿ ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಕಂಪನಿ ಹೇಳಿದ ದೂರದಲ್ಲಿ ಗುರಿಹಲಗೆ ಇಟ್ಟು ಸ್ಕ್ಯಾನರ್‌ನಿಂದ ಹೊಂದಿಸುತ್ತಾರೆ. ಟೈರ್ ಗಾಳಿ ಸರಿಯಿರಬೇಕು, ಡಿಕ್ಕಿ ಖಾಲಿ ಇರಬೇಕು, ಅಲೈನ್‌ಮೆಂಟ್ ಮೊದಲೇ ಆಗಿರಬೇಕು. ಊರಿಗೆ ಒಯ್ಯಲು ಇಟ್ಟ ಅಕ್ಕಿಚೀಲ ಡಿಕ್ಕಿಯಲ್ಲಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ, ಹೊಂದಿಸಿದ್ದೆಲ್ಲ ವ್ಯರ್ಥ. ಇನ್ನೊಂದರಲ್ಲಿ ಸ್ಕ್ಯಾನರ್ ಜೋಡಿಸಿ, ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಹೇಳಿದ ವೇಗದಲ್ಲಿ ಓಡಿಸಬೇಕು. ಪುಣೆ ನಗರದೊಳಗೆ ಅದು ಆಗದ ಮಾತು, ಎಕ್ಸ್‌ಪ್ರೆಸ್‌ವೇಯಂಥ ರಸ್ತೆಯೇ ಬೇಕು. ಯಾವ ಗಾಡಿಗೆ ಯಾವುದು, ಅಥವಾ ಎರಡೂ ಬೇಕೋ ಎಂಬುದು ಕಂಪನಿಯ ಪುಸ್ತಕದಲ್ಲಿದೆ. ವಿಮೆಯಲ್ಲಿ ಗ್ಲಾಸ್ ಹಾಕಿಸುವುದಾದರೆ ಕ್ಯಾಲಿಬ್ರೇಷನ್ ಖರ್ಚನ್ನು ಎಸ್ಟಿಮೇಟ್‌ನಲ್ಲಿ ಮೊದಲೇ ಬರೆಸಿ. ಕೆಲಸ ಮುಗಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಕಾಕಾನ ಗಾಡಿಗೆ ಕ್ಯಾಲಿಬ್ರೇಷನ್ ಅಷ್ಟೇ ಆಯಿತು, ಒಂದು ಭಾಗವೂ ಬದಲಾಗಲಿಲ್ಲ.

ಜಾಬ್ ಕಾರ್ಡಿನಲ್ಲಿ ‘ಅಡಾಸ್ ಸಮಸ್ಯೆ’ ಅಂತ ಬರೆಸಬೇಡಿ. ಹೀಗೆ ಬರೆಸಿ: ‘ಗ್ಲಾಸ್ ಬದಲಿಸಿದ ಮೇಲೆ ಶುರು. ಹಗಲು, ಒಣ ರಸ್ತೆ, 80ರ ವೇಗ. ಎಡಲೇನಿನ ಲಾರಿಗೆ ಬ್ರೇಕ್ ಹಾಕುತ್ತದೆ. ಲೇನ್ ಸಹಾಯ ಎಡಕ್ಕೆ ಎಳೆಯುತ್ತದೆ. ಮೀಟರ್‌ನಲ್ಲಿ ಲೈಟ್ ಇಲ್ಲ. ಸ್ಕ್ಯಾನ್ ಮಾಡಿದ ಮತ್ತು ಕ್ಯಾಲಿಬ್ರೇಷನ್ ಮಾಡಿದ ಪ್ರಿಂಟ್ ಬೇಕು.’ ಗಾಡಿ ವಾಪಸ್ ತೆಗೆದುಕೊಳ್ಳುವಾಗ ಪ್ರಿಂಟ್‌ನಲ್ಲಿ ನಿಮ್ಮ ಚಾಸಿಸ್ ನಂಬರ್ ಮತ್ತು ಅಂದಿನ ತಾರೀಖು ಇದೆಯಾ ಅಂತ ನೋಡಿ ಸಹಿ ಹಾಕಿ.